ನಡುಬೆನ್ನಿನ ಕೊಬ್ಬಿನ ಗಂಟು: ಎಷ್ಟು ತೆಗೆಯುತ್ತಾರೆ, ಎಷ್ಟು ಬಿಡುತ್ತಾರೆ?

ಹುಬ್ಬಳ್ಳಿ ಕಡೆಯ ಯರಗುಪ್ಪಿಯಂಥ ಊರಲ್ಲಿ ಈ ಕಾಯಿಲೆ ಮೊದಲು ಸಿಗುವುದು ಕೂಸಿಗೆ ಎರೆಯುವ ಅಜ್ಜಿಯ ಕೈಗೆ. ಸೊಂಟದ ನಟ್ಟನಡುವೆ ಮೆತ್ತನೆಯ ಗಂಟು, ಇಲ್ಲವೇ ಒಂದು ಗುಳಿ, ಒಂದಿಷ್ಟು ಕೂದಲು. ಮುಟ್ಟಿದರೆ ಕೂಸು ಅಳುವುದಿಲ್ಲ. ‘ಕೊಬ್ಬಿನ ಗಂಟು, ಬಿಡ್ರಿ’ ಅನ್ನುತ್ತಾರೆ. ತೋಳಿನ ಮೇಲಿದ್ದರೆ ಆ ಮಾತು ನಡೆದೀತು. ನಡುಬೆನ್ನಿನ ಮೇಲೆ ನಡೆಯದು.

ಅಲ್ಲಿಯ ಕೊಬ್ಬು ಎಲುಬಿನ ಸಂದಿಯಿಂದ ಒಳಹೊಕ್ಕು ಬೆನ್ನುಹುರಿಗೇ ಅಂಟಿರಬಹುದು. ಕೂಸು ಬೆಳೆದಂತೆ ಹುರಿ ಜಗ್ಗುತ್ತದೆ: ಒಂದು ಕಾಲು ಸಣ್ಣಗಾಗುತ್ತದೆ, ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರುಮಾಡುತ್ತದೆ. ಎಲುಬಿನ ದೋಷವೇ ಇಲ್ಲದೆ ಹುರಿಯ ಪೊರೆಯೊಳಗೆ ಕೊಬ್ಬು ಬೆಳೆಯುವ ಬಗೆ ಇನ್ನೂ ಅಪರೂಪ. ಬೆನ್ನುಹುರಿಯ ಗಡ್ಡೆಗಳಲ್ಲಿ ಅದರ ಪಾಲು ಶೇ 1ರಷ್ಟೂ ಇಲ್ಲ. ಎರಡೂ ಕ್ಯಾನ್ಸರ್ ಅಲ್ಲ. ಎಂಆರ್‌ಐನಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುವುದರಿಂದ ಗುರುತಿಸುವುದು ಕಷ್ಟವಲ್ಲ.

ಕಷ್ಟವೆಲ್ಲ ಆಪರೇಶನ್ ಟೇಬಲ್ ಮೇಲೆ. ರೋಗಿಯನ್ನು ಬೋರಲು ಮಲಗಿಸಿ, ಎಲುಬು ಸರಿಸಿ, ಮೈಕ್ರೋಸ್ಕೋಪ್ ಕೆಳಗೆ ಪೊರೆ ಬಿಡಿಸುತ್ತಾರೆ. ಕಾಲಿಗೆ, ಗುದದ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ, ನರ ಕೆಲಸ ಮಾಡುತ್ತಿದೆಯೇ ಎಂದು ಮಾನಿಟರ್‌ನಲ್ಲಿ ಉದ್ದಕ್ಕೂ ನೋಡುತ್ತಿರುತ್ತಾರೆ. ಕೊಬ್ಬಿಗೂ ಹುರಿಗೂ ನಡುವೆ ಹಲವು ಸಲ ಸ್ಪಷ್ಟ ಗೆರೆಯೇ ಇರುವುದಿಲ್ಲ. ಎರಿ ಹೊಲದ ಕರಿಕೆಯ ಬೇರಿನಂತೆ, ಪೂರ್ತಿ ಕಿತ್ತರೆ ಮಣ್ಣೂ ಬರುತ್ತದೆ. ಆದ್ದರಿಂದ ದೊಡ್ಡವರಲ್ಲಿ ಅಲ್ಟ್ರಾಸೌಂಡ್ ಕಂಪನದ ಉಪಕರಣದಿಂದಲೋ ಲೇಸರ್‌ನಿಂದಲೋ ಕೊಬ್ಬನ್ನು ತಗ್ಗಿಸಿ, ಹುರಿಯ ಮೇಲೆ ತೆಳು ಪದರ ಬಿಟ್ಟು, ಪೊರೆಗೆ ತೇಪೆ ಹಾಕಿ ಜಾಗ ಮಾಡಿಕೊಡುತ್ತಾರೆ. ‘ಡಾಕ್ಟರ್ ಅರ್ಧಕ್ಕೇ ಬಿಟ್ಟರು’ ಎಂಬ ದೂರು ಇಲ್ಲಿ ನಿಲ್ಲದು, ಬಿಟ್ಟದ್ದೇ ಜಾಣತನ. ಮಕ್ಕಳಲ್ಲಿ ಅಂಟಿದ ಹುರಿಯನ್ನು ಬಿಡಿಸುವುದು ಮುಖ್ಯ. ಅಮೆರಿಕದ ನರಶಸ್ತ್ರಚಿಕಿತ್ಸಕ ಡಾಚ್ಲಿಂಗ್ ಪಾಂಗ್ ತೋರಿದ ದಾರಿಯಲ್ಲಿ ಕೊಬ್ಬನ್ನು ಹೆಚ್ಚೂಕಡಿಮೆ ಪೂರ್ತಿ ತೆಗೆಯುವವರೂ ಇದ್ದಾರೆ. ಅದಕ್ಕೆ ಪಳಗಿದ ಕೈ ಬೇಕು.

ಉಳಿದ ಕೊಬ್ಬು ಮೈಕೊಬ್ಬಿನ ಜಾತಿಯದೇ. ತೂಕ ಏರಿದರೆ ಅದೂ ಹಿಗ್ಗಬಹುದು. ತೂಕದ ಹಿಡಿತವೂ ಚಿಕಿತ್ಸೆಯ ಭಾಗ. ಆಪರೇಶನ್ ಆದಮೇಲೆ ನೋವು ಸಾಮಾನ್ಯವಾಗಿ ತಗ್ಗುತ್ತದೆ. ಬಹಳ ದಿನದಿಂದ ತಪ್ಪಿದ ಮೂತ್ರದ ಹಿಡಿತ ಪೂರ್ತಿ ಮರಳುವುದು ಕಡಿಮೆ.

ಹಾಗಾಗಿ ಗಂಟು ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ, ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿ. ಅಲ್ಲಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ರೇಶನ್ ಕಾರ್ಡ್, ಆಧಾರ್, ಸರ್ಕಾರಿ ವೈದ್ಯರ ಚೀಟಿ ಜೊತೆಗಿರಲಿ. ಎಂಆರ್‌ಐ ಆಗುವ ಮೊದಲು ಆ ಗಂಟನ್ನು ಯಾರಿಂದಲೂ ಕೊಯ್ಯಿಸಬೇಡಿ.