ಸಾಲುಮರಗಳ ತಾಯಿ ತಿಮ್ಮಕ್ಕನವರ ತುಂಬು ಬಾಳು

2025ರ ನವೆಂಬರ್ 14ರಂದು ಸಾಲುಮರದ ತಿಮ್ಮಕ್ಕನವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ದಾಖಲೆಗಳ ಪ್ರಕಾರ ಅವರಿಗೆ 114 ವರುಷ. ಶಾಲೆಯ ಮೆಟ್ಟಿಲು ಹತ್ತದ, ಕಲ್ಲುಗಣಿಯಲ್ಲಿ ಕೂಲಿ ಮಾಡಿ ಹೊಟ್ಟೆ ಹೊರೆದ ಒಬ್ಬ ಹಳ್ಳಿಯ ಹೆಣ್ಣುಮಗಳನ್ನು ನಾಡು ಸಕಲ ಸರ್ಕಾರಿ ಗೌರವಗಳೊಡನೆ ಬೀಳ್ಕೊಟ್ಟಿತು.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕನವರು ಸೊಸೆಯಾಗಿ ಬಂದುದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಮಾಗಡಿ ಸೀಮೆಯೆಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ವೀರಾಪುರ. ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1907ರಲ್ಲಿ ಅವತರಿಸಿದ ಪುಣ್ಯಭೂಮಿ. 2019ರ ಜನವರಿ 21ರಂದು ಪೂಜ್ಯರು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅದೇ ವರುಷದ ಮಾರ್ಚಿಯಲ್ಲಿ ತಿಮ್ಮಕ್ಕನವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಒಬ್ಬರು ಜಗದ್ವಂದ್ಯ ಗುರುಗಳು, ಇನ್ನೊಬ್ಬರು ನಿರಕ್ಷರ ಕೂಲಿಕಾರ್ತಿ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಡುವ ಸಾಹಸ ನಮ್ಮದಲ್ಲ. ಆದರೂ ಅನ್ನ, ಅಕ್ಷರ, ಆಶ್ರಯಗಳ ದಾಸೋಹ ಒಂದೆಡೆ ನಡೆಯುತ್ತಿದ್ದಾಗ ಅದೇ ಸೀಮೆಯ ರಸ್ತೆಯೊಂದರಲ್ಲಿ ನೆರಳಿನ ದಾಸೋಹವೂ ಸದ್ದಿಲ್ಲದೆ ಸಾಗಿತ್ತೆಂಬುದನ್ನು ಮರೆಯಲಾಗದು. ಆಕೆಯ ಕುಲ ಯಾವುದೆಂದು ವಿಚಾರಿಸುವ ಗೊಡವೆಗೆ ನಾವು ಹೋಗುವುದಿಲ್ಲ. ಶರಣರ ಅಂಗಳದಲ್ಲಿ ಆ ಪ್ರಶ್ನೆ ಏಳಕೂಡದು.

ತಿಮ್ಮಕ್ಕ–ಚಿಕ್ಕಯ್ಯ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಈ ಒಂದು ಸಾಲನ್ನು ಬರೆಯುವುದು ಸುಲಭ. ಬಾಳುವುದು ಎಷ್ಟು ಕಠಿಣವೆಂದು ಬಲ್ಲ ತಾಯಂದಿರು ನಮ್ಮ ಓದುಗರಲ್ಲಿಯೇ ಇದ್ದಾರೆ. ಬಂಜೆಯೆಂಬ ಮಾತನ್ನು ನೇರವಾಗಿ ಆಡದಿದ್ದರೂ ಉಡಿ ತುಂಬುವಾಗ ಕಣ್ಣು ತಪ್ಪಿಸುವುದು, ತೊಟ್ಟಿಲ ಕಾರ್ಯದಲ್ಲಿ ಅವಳನ್ನು ಹಿಂದಿನ ಸಾಲಿಗೆ ಸರಿಸುವುದು, ಕೂಸನ್ನು ಅವಳ ಕೈಗೆ ಕೊಡಲು ಅನುಮಾನಿಸುವುದು, ಇವೆಲ್ಲ ಇಷ್ಟಲಿಂಗ ಪೂಜೆ ತಪ್ಪದ ಮನೆಗಳಲ್ಲಿಯೂ ನಡೆದಿವೆ. ಇತರರನ್ನು ದೂರಿ ಪ್ರಯೋಜನವಿಲ್ಲ. ನಾವೇ ಶ್ರಾವಣಮಾಸದ ಪುರಾಣ ಪ್ರವಚನಗಳಲ್ಲಿ ಎಷ್ಟೋ ಸಲ ಸಂತಾನಫಲವನ್ನೇ ಭಕ್ತಿಯ ಪರಮಫಲವೆಂಬಂತೆ ವರ್ಣಿಸಿ ಚಪ್ಪಾಳೆ ಪಡೆದಿದ್ದೇವೆ. ಒಮ್ಮೆ ಪ್ರವಚನ ಮುಗಿದ ಬಳಿಕ ನಡುವಯಸ್ಸಿನ ತಾಯಿಯೊಬ್ಬರು ಬಂದು, "ಬುದ್ಧೀ, ನನ್ನ ಪೂಜೆಯಲ್ಲಿ ಏನು ಲೋಪವಾಯಿತು?" ಎಂದು ಕೇಳಿದರು. ಆ ದಿನ ನಮ್ಮ ಬಾಯಿಂದ ಉತ್ತರ ಬರಲಿಲ್ಲ. ತಿಮ್ಮಕ್ಕನವರ ನಿಧನದ ವಾರ್ತೆ ಕೇಳಿದಾಗ ನಮಗೆ ಮೊದಲು ನೆನಪಾದುದು ಆ ತಾಯಿಯ ಮುಖ.

ದಂಪತಿಗಳು ಮಾಡಿದ ಕೆಲಸವನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದರ ಕಷ್ಟ ಎಲ್ಲರಿಗೂ ತಿಳಿದಿಲ್ಲ. ಆಲದ ಬೀಜ ಸಾಸಿವೆಗಿಂತಲೂ ಕಿರಿದು. ಹಕ್ಕಿ ತಿಂದು ಉದುರಿಸಿದರೆ ಗೋಡೆಯ ಬಿರುಕಿನಲ್ಲಿಯೂ ಚಿಗುರುತ್ತದೆ. ಮನುಷ್ಯ ಬಿತ್ತಿದರೆ ಸುಲಭವಾಗಿ ಕೈಗೆ ಹತ್ತುವುದಿಲ್ಲ. ಆದುದರಿಂದ ಹಳ್ಳಿಗರು ಬಲಿತ ಕೊಂಬೆಯನ್ನು ತಂದು ನೆಡುವುದು ವಾಡಿಕೆ. ಹುಲಿಕಲ್ಲಿನ ಸುತ್ತ ಆಲಗಳಿಗೆ ಕೊರತೆಯಿರಲಿಲ್ಲ. ಅವುಗಳಿಂದಲೇ ಸಸಿ ಮಾಡಿಕೊಂಡು ಮೊದಲ ವರುಷ 10, ಮರುವರುಷ 15, ಮೂರನೆಯ ವರುಷ 20 ಎಂಬಂತೆ ಹುಲಿಕಲ್–ಕುದೂರು ರಸ್ತೆಯ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೂ ನೆಡುತ್ತ ಹೋದರು. ನೆಟ್ಟುದು ಮಳೆಗಾಲದಲ್ಲಿ. ಬೇರು ಬಿಟ್ಟುಕೊಳ್ಳುವವರೆಗೆ ನೀರು ಬೇಕಲ್ಲ! ಕೂಲಿಯ ದುಡಿಮೆಯ ನಡುವೆಯೇ ಬಿಂದಿಗೆಗಳಲ್ಲಿ ನೀರು ಹೊತ್ತು, ಆ ದಾರಿಯುದ್ದ ನಡೆದು, ಒಂದೊಂದು ಸಸಿಗೂ ಎರೆದರು. ದನಕರುಗಳು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿದರು. ಹೀಗೆ ಉಳಿದು ಬೆಳೆದವು 385 ಆಲದ ಮರಗಳು.

ಇಲ್ಲಿ ಚಿಕ್ಕಯ್ಯನವರ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಸಂತಾನವಿಲ್ಲವೆಂಬ ನೆಪದಿಂದ ಎರಡನೆಯ ಮದುವೆ ಮಾಡಿಕೊಳ್ಳುವುದು ಆ ಕಾಲದ ಗಂಡಸರಿಗೆ ಅಪರೂಪವಾಗಿರಲಿಲ್ಲ. ಊರು ಅದನ್ನು ತಪ್ಪೆಂದೂ ಎಣಿಸುತ್ತಿರಲಿಲ್ಲ. ಈ ಮನುಷ್ಯ ಹೆಂಡತಿಯ ಜೊತೆಗೆ ಗುಂಡಿ ತೋಡಿ ನೀರು ಹೊತ್ತ. ಸತಿಪತಿಗಳೊಂದಾದ ಭಕ್ತಿಯ ಕುರಿತು ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತನಾಡುವ ನಮ್ಮಂಥವರು ಈ ನಾಲ್ಕು ಕಿಲೋಮೀಟರ್ ನಡೆದು ಬರುವುದು ಒಳ್ಳೆಯದು. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ರಾಷ್ಟ್ರೀಯ ಪೌರ ಪ್ರಶಸ್ತಿ, ನಾಡೋಜ, ಪದ್ಮಶ್ರೀ, ಕೇಂದ್ರೀಯ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು, ಎಲ್ಲವೂ ಬಂದುದು ಅನಂತರ. ಹಾರದ ಅರ್ಧವನ್ನು ಧರಿಸಬೇಕಾದವರು ಆಗ ಇರಲಿಲ್ಲ.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಅವರನ್ನು ಒಡ್ಡನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೆರೆ ತೋಡಿದ್ದು ತಪ್ಪೆಂದಲ್ಲ, ತೋಡಿದೆನೆಂಬ ಭಾವ ಉಳಿದಿದೆಯೇ ಎಂಬುದು ಪ್ರಭುಗಳ ಪರೀಕ್ಷೆ. ತಿಮ್ಮಕ್ಕನವರು ನಿಜವಾಗಿಯೂ ಕಲ್ಲೊಡೆದವರು. ಮರಗಳು ಬೆಳೆದ ಮೇಲೆ ಅವುಗಳ ಕೊಂಬೆಯನ್ನಾಗಲಿ ಸೌದೆಯನ್ನಾಗಲಿ ತಮ್ಮದೆನ್ನಲಿಲ್ಲ. ಅವು ಸರ್ಕಾರದ ಸುಪರ್ದಿಗೆ ಸೇರಿದವು. ಪ್ರಶಸ್ತಿಗಳ ರಾಶಿಯ ನಡುವೆಯೂ ಅವರ ಬಾಯಿಂದ ಮತ್ತೆ ಮತ್ತೆ ಬರುತ್ತಿದ್ದ ಬೇಡಿಕೆ ತಮ್ಮ ಊರಿಗೊಂದು ಆಸ್ಪತ್ರೆ ಬೇಕೆಂಬುದು. ಪದ್ಮಶ್ರೀ ಸ್ವೀಕರಿಸುವಾಗ ಆಕೆ ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆ ಮುಟ್ಟಿ ಹರಸಿದ ಚಿತ್ರವನ್ನು ನಾವೆಲ್ಲ ಕಂಡಿದ್ದೇವೆ. ಅದರಲ್ಲಿ ಅಹಂಕಾರದ ಲವಲೇಶವಿಲ್ಲ. ಹಿರಿಯಜ್ಜಿ ಎದುರಿಗೆ ಬಂದ ಕಿರಿಯರನ್ನು ಹರಸಿದರು, ಅಷ್ಟೆ.

ಆಕೆಗೆ ಸಿಟ್ಟು ಬಂದುದುಂಟು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲಗೊಳಿಸುವ ಯೋಜನೆ ಬಂದಾಗ ಆ ಆಲದ ಮರಗಳಿಗೇ ಕೊಡಲಿಯ ಭಯ ಎದುರಾಯಿತು. ನೂರು ದಾಟಿದ ಮುದುಕಿ ಸುಮ್ಮನೆ ಕೂಡಲಿಲ್ಲ. ಮುಖ್ಯಮಂತ್ರಿ ಕುಮಾರಸ್ವಾಮಿಯವರಿಗೂ ಉಪಮುಖ್ಯಮಂತ್ರಿ ಪರಮೇಶ್ವರ ಅವರಿಗೂ ಮೊರೆಯಿಟ್ಟರು. ಬೇರೆ ಮಾರ್ಗ ಹುಡುಕುವುದಾಗಿ ಸರ್ಕಾರ ಒಪ್ಪಿತು. ಹೆತ್ತ ತಾಯಿ ಮಕ್ಕಳ ಪರವಾಗಿ ನಿಲ್ಲುವಂತೆಯೇ ಅದು ಇತ್ತು.

ನಮ್ಮ ಪ್ರವಚನದ ಬಳಿಕ ಪ್ರಶ್ನೆ ಕೇಳಿದ ಆ ತಾಯಿ ಈಗ ಎಲ್ಲಿರುವರೋ ತಿಳಿಯದು. ಇದ್ದರೆ ಅವರಿಗೂ ವಯಸ್ಸಾಗಿರಬೇಕು. ಈ ಬರಹ ಅವರ ಕಣ್ಣಿಗೆ ಬಿದ್ದರೆ, ಅಂದು ನಾವು ಹೇಳಬೇಕಾಗಿದ್ದ ಮಾತನ್ನು ಇಂದು ತಡವಾಗಿ ಹೇಳುತ್ತಿದ್ದೇವೆ: ತಾಯಿ, ನಿಮ್ಮ ಪೂಜೆಯಲ್ಲಿ ಯಾವ ಲೋಪವೂ ಇರಲಿಲ್ಲ. ಲೋಪವಿದ್ದುದು ನಮ್ಮ ಪ್ರವಚನದಲ್ಲಿ.