ಹುಟ್ಟಿದ್ದು ಕಾರ್ಕಳ, ಕೊಟ್ಟಿದ್ದು ದುಬೈ

ಭಾರತದ ಪಾಸ್‌ಪೋರ್ಟಿನಲ್ಲಿ ಫೋಟೊ ಇರುವ ಪುಟದ ಮೇಲೆ ಎರಡು ಊರುಗಳ ಹೆಸರಿರುತ್ತದೆ. ಒಂದು ಹುಟ್ಟಿದ ಊರು, ಇನ್ನೊಂದು ಪಾಸ್‌ಪೋರ್ಟ್ ಕೊಟ್ಟ ಊರು. ಕರಾವಳಿಯ ಮನೆಗಳ ಕಪಾಟಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಹಳೆಯ ಪಾಸ್‌ಪೋರ್ಟುಗಳ ಕಟ್ಟು ಸಿಗುವುದುಂಟು. ಬಿಚ್ಚಿ ನೋಡಿದರೆ ಮೊದಲನೆಯದು ಬೆಂಗಳೂರಿನದೋ ಬೊಂಬಾಯಿಯದೋ ಆಗಿರುತ್ತದೆ. ಅದರಿಂದಾಚೆಗೆ ದುಬೈ, ಮಸ್ಕತ್, ಕುವೈತ್, ದೋಹಾ. ಹುಟ್ಟಿದ ಊರು ಮಾತ್ರ ಎಲ್ಲದರಲ್ಲೂ ಅದೇ: ಕಾರ್ಕಳ, ಬೆಳ್ತಂಗಡಿ, ಭಟ್ಕಳ.

ರದ್ದಾದ ಪಾಸ್‌ಪೋರ್ಟಿನ ಹೊದಿಕೆಯ ಮೂಲೆ ಕತ್ತರಿಸಿ ವಾಪಸು ಕೊಡುತ್ತಾರೆ. ವೀಸಾ ಅದರೊಳಗೇ ಉಳಿದಿದ್ದರೆ ಹೊಸದರ ಜೊತೆ ಹಳೆಯದನ್ನೂ ಹಿಡಿದುಕೊಂಡು ಓಡಾಡಬೇಕು. ಅವಧಿ ಮುಗಿದಾಗ ಹೊಸದನ್ನು ಪಡೆಯುವುದಕ್ಕೆ ಜನ ‘ರಿನ್ಯೂವಲ್’ ಅನ್ನುತ್ತಾರೆ. ಕಚೇರಿಯ ಕಾಗದದಲ್ಲಿ ಅದು ಮರುವಿತರಣೆ, ಅಂದರೆ ಹೊಸ ಪುಸ್ತಕ, ಹೊಸ ಸಂಖ್ಯೆ. ಪರದೇಶದ ನೆಲದಲ್ಲಿ ನಿಂತು, ಊರಿಗೆ ಹೋಗದೆಯೇ, ತನ್ನ ದೇಶದ ಪಾಸ್‌ಪೋರ್ಟನ್ನು ಹಕ್ಕಿನಿಂದ ಕೇಳಿ ಪಡೆಯುವುದು ಈಗ ತೀರಾ ಸಹಜವೆನಿಸುತ್ತದೆ. ಆ ‘ಹಕ್ಕಿನಿಂದ’ ಎಂಬ ಮಾತು ಸೇರಿಕೊಂಡದ್ದು ಗಣರಾಜ್ಯವಾಗಿ ಹದಿನೇಳು ವರ್ಷ ಕಳೆದ ಮೇಲೆ. ಅದರ ಹಿಂದೆ ಕಾರ್ಕಳದ ಒಬ್ಬರ ಕೈಬರಹವೂ ಇದೆ.

ಮೊದಲ ಮಹಾಯುದ್ಧದವರೆಗೆ ಭಾರತದಿಂದ ಹಡಗು ಹತ್ತುವವರಿಗೆ ಪಾಸ್‌ಪೋರ್ಟ್ ಕಡ್ಡಾಯವಿರಲಿಲ್ಲ. ಯುದ್ಧ ಗಡಿಗಳನ್ನು ಬಿಗಿ ಮಾಡಿತು. ಯುದ್ಧ ಮುಗಿದರೂ ಬಿಗಿ ಸಡಿಲಲಿಲ್ಲ. 1920ರ ಅಕ್ಟೋಬರಿನಲ್ಲಿ ಲೀಗ್ ಆಫ್ ನೇಷನ್ಸ್ ಪ್ಯಾರಿಸ್ಸಿನಲ್ಲಿ ಸಮ್ಮೇಳನ ಕರೆದು, ಪಾಸ್‌ಪೋರ್ಟ್ ಅಂದರೆ 32 ಪುಟಗಳ ಪುಸ್ತಕ ಎಂಬ ಮಾದರಿ ಹಾಕಿಕೊಟ್ಟಿತು. ಅದೇ ವರ್ಷ ಭಾರತದಲ್ಲೂ ಒಂದು ಕಾಯಿದೆ ಬಂತು. ಆದರೆ ಅದು ದೇಶದೊಳಗೆ ಬರುವವರು ಪಾಸ್‌ಪೋರ್ಟ್ ತೋರಿಸಬೇಕೆಂದು ಹೇಳಿತೇ ಹೊರತು, ಹೊರಗೆ ಹೋಗುವವರಿಗೆ ಅದನ್ನು ಯಾರು ಕೊಡಬೇಕು, ಯಾವ ಕಾರಣಕ್ಕೆ ನಿರಾಕರಿಸಬಹುದು ಎಂದು ಹೇಳಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಆ ಖಾಲಿ ಜಾಗ ಹಾಗೇ ಉಳಿಯಿತು. ಕೊಡುವುದು ಬಿಡುವುದು ಸರ್ಕಾರದ ಮರ್ಜಿ. 1950ರ ದಶಕದಲ್ಲಿ ಇಂಗ್ಲೆಂಡಿಗೆ ಕೂಲಿ ಕೆಲಸ ಹುಡುಕಿ ಹೊರಟ, ಹೆಚ್ಚು ಓದಿರದ ಸಾವಿರಾರು ಜನರಿಗೆ ಆ ಮರ್ಜಿಯ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ.

ಈ ಮರ್ಜಿಯನ್ನು ನೇರವಾಗಿ ಪ್ರಶ್ನಿಸಿದ ಪ್ರಕರಣಗಳಲ್ಲೊಂದು ಬೆಂಗಳೂರಿನಲ್ಲಿ ನಡೆಯಿತು. 1965ರಲ್ಲಿ ಮೈಸೂರು ಹೈಕೋರ್ಟಿನ ಮುಂದೆ ಬಂದ ಡಾ. ಎಸ್.ಎಸ್. ಸದಾಶಿವ ರಾವ್ ಪ್ರಕರಣದಲ್ಲಿ, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತದೆ, ಕಾನೂನೇ ಇಲ್ಲದೆ ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದು ವಿಭಾಗೀಯ ಪೀಠ ತೀರ್ಪಿತ್ತಿತು. ಅದನ್ನು ಬರೆದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಕಾರ್ಕಳ ತಾಲ್ಲೂಕಿನ ಕೌಡೂರಿನವರು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು, ಲೋಕಸಭೆಯ ಸ್ಪೀಕರ್ ಆದರು. ಜನ ಅವರನ್ನು ನೆನೆಯುವುದು ಆ ಹುದ್ದೆಗಳಿಗಾಗಿ, ನಿಟ್ಟೆಯ ವಿದ್ಯಾಸಂಸ್ಥೆಗಳಿಗಾಗಿ. ಕಾರ್ಕಳದಿಂದ ಕೊಲ್ಲಿಗೆ ಹೋದ ಪ್ರತಿಯೊಬ್ಬರ ಜೇಬಿನ ನೀಲಿ ಪುಸ್ತಕಕ್ಕೂ ಅವರಿಗೂ ನಂಟಿದೆ ಎಂಬುದು ಆ ಊರಿನಲ್ಲೇ ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು.

ಬೊಂಬಾಯಿ ಮತ್ತು ಕೇರಳದ ಹೈಕೋರ್ಟುಗಳೂ ಇದೇ ದಾರಿ ಹಿಡಿದವು, ದೆಹಲಿಯದು ಒಪ್ಪಲಿಲ್ಲ. ಕೊನೆಗೆ ವಿಷಯ ಸುಪ್ರೀಂ ಕೋರ್ಟ್ ತಲುಪಿದ್ದು ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೂಲಕ. 1966ರಲ್ಲಿ ದೆಹಲಿಯ ಸಹಾಯಕ ಪಾಸ್‌ಪೋರ್ಟ್ ಅಧಿಕಾರಿ ಅವರ ಪಾಸ್‌ಪೋರ್ಟುಗಳನ್ನು ಹಿಂದಿರುಗಿಸುವಂತೆ ಪತ್ರ ಬರೆದರು. ಅವರು ನೇರ ಸುಪ್ರೀಂ ಕೋರ್ಟಿಗೆ ಹೋದರು. 1967ರ ಏಪ್ರಿಲ್ 10ರಂದು ಐವರ ಪೀಠದಲ್ಲಿ ಮೂವರು ಅವರ ಪರ ನಿಂತರು. ಪಾಸ್‌ಪೋರ್ಟ್ ಇಲ್ಲದವರನ್ನು ಯಾವ ಹಡಗೂ ಯಾವ ವಿಮಾನವೂ ಹತ್ತಿಸಿಕೊಳ್ಳುವುದಿಲ್ಲ, ಆದ್ದರಿಂದ ಅದನ್ನು ನಿರಾಕರಿಸುವುದೆಂದರೆ ಪ್ರಯಾಣದ ಹಕ್ಕನ್ನೇ ನಿರಾಕರಿಸಿದಂತೆ ಎಂಬುದು ಬಹುಮತದ ನಿಲುವು. ಮೈಸೂರಿನ ತೀರ್ಪನ್ನೂ ಅಲ್ಲಿ ಉಲ್ಲೇಖಿಸಲಾಯಿತು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಮರುದಿನವೇ ರಾಜೀನಾಮೆ ಕೊಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತರು.

ಸರ್ಕಾರ ತರಾತುರಿಯಲ್ಲಿ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದಿತು, ಜೂನ್ 24ರಂದು ಪಾಸ್‌ಪೋರ್ಟ್ ಕಾಯಿದೆ ಜಾರಿಯಾಯಿತು. ಈಗ ಪ್ರತಿ ವರ್ಷ ಪಾಸ್‌ಪೋರ್ಟ್ ಸೇವಾ ದಿವಸ ಆಚರಿಸುವುದು ಅದೇ ದಿನ. ಯಾವ ಯಾವ ಕಾರಣಕ್ಕೆ ನಿರಾಕರಿಸಬಹುದು ಎಂಬುದು ಮೊದಲ ಸಲ ಪಟ್ಟಿಯಾಯಿತು. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಅರ್ಜಿದಾರ ಮೇಲ್ಮನವಿ ಸಲ್ಲಿಸಬಹುದು ಎಂದಾಯಿತು. ಸರ್ಕಾರದ ಖರ್ಚಿನಲ್ಲಿ ಊರಿಗೆ ಮರಳಿದವರು ಆ ಹಣ ತೀರಿಸದಿದ್ದರೆ ಹೊಸ ಪಾಸ್‌ಪೋರ್ಟ್ ನಿರಾಕರಿಸಬಹುದೆಂಬ ಕಲಮೂ ಅದರಲ್ಲಿದೆ. ಪರದೇಶದಲ್ಲಿ ಕೈಖಾಲಿಯಾದ ಬಡವನ ಮೇಲೆ ಬೀಳುವ ಗಟ್ಟಿ ಏಟು ಅದು.

ಹತ್ತು ವರ್ಷದ ನಂತರ, 1977ರ ಜುಲೈಯಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ‘ಸಾರ್ವಜನಿಕ ಹಿತ’ದ ಹೆಸರಿನಲ್ಲಿ ವಶಪಡಿಸಿಕೊಳ್ಳುವ ಆದೇಶ ಹೊರಟಿತು. ಕಾರಣ ಕೇಳಿದರೆ ಹೇಳಲಿಲ್ಲ. 1978ರ ಜನವರಿ 25ರ ಸುಪ್ರೀಂ ಕೋರ್ಟ್ ತೀರ್ಪು ಕಾನೂನಿದ್ದರೆ ಸಾಲದು, ಅದನ್ನು ಬಳಸುವ ರೀತಿಯೂ ನ್ಯಾಯಬದ್ಧವಾಗಿರಬೇಕು ಎಂದಿತು. ಕಾನೂನು ವಿದ್ಯಾರ್ಥಿಗಳಿಗೆ ಕಂಠಪಾಠವಾಗಿರುವ ಈ ಪ್ರಕರಣದ ಮೂಲದಲ್ಲಿರುವುದು ಒಂದು ಪಾಸ್‌ಪೋರ್ಟ್.

ಇನ್ನು, ಪರದೇಶದಲ್ಲಿರುವ ಕಾನ್ಸುಲೇಟ್ ತನ್ನ ದೇಶದ ಪ್ರಜೆಗಳಿಗೆ ಪಾಸ್‌ಪೋರ್ಟ್ ಕೊಡಬಹುದೆಂಬುದಕ್ಕೆ 1963ರ ವಿಯೆನ್ನಾ ಒಪ್ಪಂದದ ಐದನೇ ವಿಧಿಯ ಬಲವಿದೆ. ಆದರೆ ಭಾರತದ ಕಾನ್ಸುಲೇಟುಗಳ ಬಾಗಿಲಲ್ಲಿ ಸಾಲು ಬೆಳೆಸಿದ್ದು ಒಪ್ಪಂದವಲ್ಲ, ಎಣ್ಣೆ. 1966ರವರೆಗೂ ಕೊಲ್ಲಿಯ ಕೆಲವು ಕಡೆ ಭಾರತದ ರಿಸರ್ವ್ ಬ್ಯಾಂಕ್ ಮುದ್ರಿಸಿದ ರೂಪಾಯಿಯೇ ಓಡುತ್ತಿತ್ತು. 1971ರ ಡಿಸೆಂಬರಿನಲ್ಲಿ ಯುಎಇ ಹುಟ್ಟಿತು, 1973ರಲ್ಲಿ ಅಬುಧಾಬಿಯಲ್ಲಿ ಭಾರತದ ರಾಯಭಾರ ಕಚೇರಿ ತೆರೆಯಿತು. ಎಣ್ಣೆಯ ಬೆಲೆ ಏರಿದಂತೆ ತುಳುನಾಡಿನ, ಉತ್ತರ ಕನ್ನಡದ ಹುಡುಗರು ಬೊಂಬಾಯಿಯ ಬಸ್ಸು ಹತ್ತಿ ಅಲ್ಲಿಂದ ವಿಮಾನ ಏರಿದರು. ಮಂಗಳೂರಿನಿಂದಲೇ ದುಬೈಗೆ ವಿಮಾನ ಸಿಕ್ಕಿದ್ದು 2006ರಲ್ಲಿ.

ಅಲ್ಲಿ ಇಳಿದ ದಿನವೇ ಹಲವರ ಪಾಸ್‌ಪೋರ್ಟ್ ಕೈತಪ್ಪುತ್ತಿತ್ತು. ವೀಸಾ ಮಾಡಿಸಿಕೊಟ್ಟ ಕಫೀಲನೋ ಕಂಪನಿಯೋ ಅದನ್ನು ತೆಗೆದು ಬೀರುವಿನಲ್ಲಿಡುತ್ತಿತ್ತು. ಇಂದಿಗೂ ಈ ಪದ್ಧತಿ ಪೂರ್ತಿ ನಿಂತಿಲ್ಲ. ಸಂಬಳ ಸಿಗದೆ, ಏಟು ತಿಂದು, ಕೆಲಸ ಬಿಟ್ಟು ಹೊರಬಂದವನ ಬಳಿ ತಾನು ಯಾರೆಂದು ತೋರಿಸುವ ಒಂದು ಚೂರು ಕಾಗದವೂ ಇರುತ್ತಿರಲಿಲ್ಲ. ಅವನು ಹೋಗಬಹುದಾದ ಒಂದೇ ಜಾಗ ಕಾನ್ಸುಲೇಟ್. ಅಲ್ಲಿ ಸಿಗುತ್ತಿದ್ದುದು ಊರಿಗೆ ಮರಳಲು ಮಾತ್ರ ಒದಗುವ ತುರ್ತು ಪ್ರಮಾಣಪತ್ರ, ಕೊಲ್ಲಿಯ ಕನ್ನಡಿಗರ ಬಾಯಲ್ಲಿ ‘ಔಟ್‌ಪಾಸ್’. ಯುಎಇ 2018ರಲ್ಲಿ, ಮತ್ತೆ 2024ರ ಸೆಪ್ಟೆಂಬರಿನಿಂದ ಕ್ಷಮಾದಾನ ಘೋಷಿಸಿದಾಗ, ವರ್ಷಗಟ್ಟಲೆ ದಾಖಲೆಯಿಲ್ಲದೆ ಅವಿತು ದುಡಿದವರು ಸಾಲುಗಟ್ಟಿದ್ದು ಈ ಕಾಗದಕ್ಕಾಗಿ.

ಇಲ್ಲೊಂದು ಮಾತನ್ನು ಪ್ರತಿ ಕೆಲಸಗಾರನೂ ವಿಮಾನ ಹತ್ತುವ ಮೊದಲೇ ತಿಳಿದಿರಬೇಕು. ಪಾಸ್‌ಪೋರ್ಟ್ ಕಾಯಿದೆಯ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಯಾವತ್ತೂ ಕೇಂದ್ರ ಸರ್ಕಾರದ ಆಸ್ತಿ. ಅದು ಹೊಂದಿರುವವನ ಬಳಿ ಅಥವಾ ಅವನೇ ಒಪ್ಪಿ ಅಧಿಕಾರ ಕೊಟ್ಟವರ ಬಳಿ ಮಾತ್ರ ಇರಬೇಕೆಂದು ಪುಸ್ತಕದ ಸೂಚನೆಗಳಲ್ಲೇ ಅಚ್ಚಾಗಿದೆ. ಅದನ್ನು ಒತ್ತೆಯಿಟ್ಟುಕೊಳ್ಳುವ ಅಧಿಕಾರ ಯಾವ ಕಂಪನಿಗೂ ಇಲ್ಲ. ಸಣ್ಣ ಅಕ್ಷರದ ಆ ಸೂಚನೆ ಇರುವುದು ಹಿಂದಿ, ಇಂಗ್ಲಿಷಿನಲ್ಲಿ. ಅದನ್ನು ಓದಲಾಗದವರಿಗೇ ಅದರ ಅಗತ್ಯ ಹೆಚ್ಚು.

1983ರ ವಲಸೆ ಕಾಯಿದೆ ಕಡಿಮೆ ಓದಿದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಗುರುತು ತಂದಿತು; ಈಗ ಅದು ಹತ್ತನೇ ತರಗತಿ ದಾಟದವರಿಗೆ. ಹದಿನೆಂಟು ದೇಶಗಳಿಗೆ ದುಡಿಯಲು ಹೋಗುವ ಮುನ್ನ ಇಂಥವರು ಸರ್ಕಾರದ ಅನುಮತಿ ಪಡೆಯಬೇಕು. ಮೋಸದಿಂದ ಕಾಪಾಡುವುದು ಉದ್ದೇಶ, ಅದು ಒಳ್ಳೆಯದೇ. ಆದರೆ 2018ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಇಂಥವರ ಪಾಸ್‌ಪೋರ್ಟಿಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕಲು ಹೊರಟಿತು. ಓದಿದವರಿಗೆ ನೀಲಿ, ಓದದವರಿಗೆ ಕಿತ್ತಳೆ. ವಿಮಾನ ನಿಲ್ದಾಣದ ಸಾಲಿನಲ್ಲಿ ದೂರದಿಂದಲೇ ಗುರುತು ಸಿಗುವಂತೆ. ಪ್ರತಿಭಟನೆ ಎದ್ದಿತು, ಅದೇ ತಿಂಗಳ 30ರಂದು ಸಚಿವಾಲಯ ಹಿಂದೆ ಸರಿಯಿತು. ಸರಿಯಾದ ನಿರ್ಧಾರ.

ಕನ್ನಡಿಗರಿಗೆ ಕಾನ್ಸುಲೇಟಿನ ಕೌಂಟರಿನಲ್ಲಿ ಇನ್ನೊಂದು ಪೇಚು ಉಂಟು: ಹೆಸರು. ನಮ್ಮಲ್ಲಿ ಹೆಸರಿನ ಹಿಂದಿನ ‘ಕೆ.’ ಎಂದರೆ ಕುಂದಾಪುರವಿರಬಹುದು, ಕೃಷ್ಣಪ್ಪ ಎಂಬ ಅಪ್ಪನಿರಬಹುದು. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಮನೆತನದ ಹೆಸರೆಂಬುದೇ ಇಲ್ಲ. ಪಾಸ್‌ಪೋರ್ಟ್ ಇನಿಶಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ ಊರಿನ ಹೆಸರು ಮನೆತನದ ಹೆಸರಿನ ಜಾಗಕ್ಕೆ ಹೋಗಿ ಕೂರುತ್ತದೆ, ಅಲ್ಲಿಂದ ಮಕ್ಕಳಿಗೂ ಅದೇ ದಾಟುತ್ತದೆ. ಇನ್ನು ಕೆಲವರು ಆ ಜಾಗವನ್ನು ಖಾಲಿ ಬಿಟ್ಟು ಬರೀ ‘ಮಂಜುನಾಥ’ ಎಂದೋ ‘ಫಾತಿಮಾ’ ಎಂದೋ ಇದ್ದುಬಿಟ್ಟರು. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರಿನ ಹಿಂದೆ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು. 2022ರ ನವೆಂಬರ್ 21ರಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂಬ ಸಡಿಲಿಕೆ ಆಮೇಲೆ ಬಂತು. ಮಗನ ಮನೆಗೆ, ಬಾಣಂತನಕ್ಕೆ ಮಗಳ ಮನೆಗೆ ಹೊರಟಿದ್ದ ಎಷ್ಟೋ ಅಮ್ಮಂದಿರು ಅರವತ್ತರ ಪ್ರಾಯದಲ್ಲಿ ತಮಗೊಂದು ಹೊಸ ಕೊನೆಹೆಸರು ಹುಡುಕಬೇಕಾದ ಸಂದರ್ಭ ಅದು.

ಹೆಸರಿನ ಈ ಬಿಗಿಗೆ ಕಾರಣ ಯಂತ್ರ. ಫೋಟೊ ಪುಟದ ಅಡಿಯಲ್ಲಿರುವ ಎರಡು ಸಾಲುಗಳಲ್ಲಿ ತಲಾ 44 ಅಕ್ಷರ, ಅಂಕಿ, ಚಿಹ್ನೆಗಳಿವೆ. ಅವು ಮನುಷ್ಯರಿಗಲ್ಲ, ಯಂತ್ರಕ್ಕೆ. ಈ ಸಾಲುಗಳು ಬರುವುದಕ್ಕೂ ಹಿಂದಿನ ಪಾಸ್‌ಪೋರ್ಟುಗಳನ್ನು ಗುಮಾಸ್ತರು ಶಾಯಿಯಲ್ಲಿ ಬರೆದು, ಫೋಟೊ ಅಂಟಿಸಿ, ಮೊಹರು ಒತ್ತುತ್ತಿದ್ದರು. ವಿದೇಶದಲ್ಲಿ ಮರುವಿತರಣೆಗೆ ಅರ್ಜಿ ಹಾಕಿದರೆ, ಮೂಲ ಪಾಸ್‌ಪೋರ್ಟ್ ಕೊಟ್ಟ ಕಚೇರಿಗೆ ಕಾನ್ಸುಲೇಟ್ ಬರೆದು ಕೇಳಬೇಕಿತ್ತು, ಉತ್ತರ ಬರುವ ತನಕ ಕಾಯಬೇಕಿತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರ ನವೆಂಬರ್ 24ರ ಗಡುವು ಹಾಕಿತು. ಅಂದಿನಿಂದಾಚೆ ಕೈಬರಹದ ಪಾಸ್‌ಪೋರ್ಟ್ ನಡೆಯಲಿಲ್ಲ. ಇಪ್ಪತ್ತು ವರ್ಷದ ಅವಧಿಯಿದ್ದವರೂ ಬದಲಿಸಿಕೊಳ್ಳಬೇಕಾಯಿತು.

ಕಾಯುವುದು ಕಡಿಮೆಯಾದ ಬಗೆಗೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. ಪಾಸ್‌ಪೋರ್ಟ್ ಸೇವಾ ಯೋಜನೆಯನ್ನು ಮೊದಲು ಪರೀಕ್ಷಿಸಿದ್ದು 2010ರಲ್ಲಿ, ಬೆಂಗಳೂರಿನ ಲಾಲ್‌ಬಾಗ್ ರಸ್ತೆ, ಮಾರತಹಳ್ಳಿ, ಹುಬ್ಬಳ್ಳಿ ಮತ್ತು ಮಂಗಳೂರಿನ ಕೇಂದ್ರಗಳಲ್ಲಿ, ಅದರ ಜೊತೆಗೆ ಚಂಡೀಗಢದ ಸುತ್ತಮುತ್ತ. 2012ರ ಹೊತ್ತಿಗೆ ದೇಶದಲ್ಲಿ 77 ಕೇಂದ್ರಗಳಾದವು. 2017ರಲ್ಲಿ ಅಂಚೆ ಕಚೇರಿಗಳಿಗೂ ಅದು ವಿಸ್ತರಿಸಿದಾಗ ಮೈಸೂರು ಮೊದಲ ಎರಡರಲ್ಲಿ ಒಂದು. 2018ರ ಕೊನೆಯಲ್ಲಿ ಲಂಡನ್, ವಾಷಿಂಗ್ಟನ್, ನ್ಯೂಯಾರ್ಕುಗಳ ಭಾರತೀಯ ಕಚೇರಿಗಳು ಇದೇ ಜಾಲಕ್ಕೆ ಸೇರಿದವು. ಇವತ್ತು ಅರ್ಜಿಯನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ತುಂಬಿ, ಮುದ್ರಿಸಿ, ಯುಎಇ, ಅಮೆರಿಕದಂಥ ಕಡೆ ಗುತ್ತಿಗೆ ಕಂಪನಿಯ ಕೇಂದ್ರಕ್ಕೆ ಕೊಡುತ್ತಾರೆ. ಕಂಪನಿ ಕಾಗದ ಜೋಡಿಸುತ್ತದೆ, ತೀರ್ಮಾನ ಮಾತ್ರ ಕಾನ್ಸುಲೇಟಿನ ಅಧಿಕಾರಿಯದು. ಎಷ್ಟೋ ಸಲ ಪೊಲೀಸ್ ಪರಿಶೀಲನೆ ಊರಿಗೇ ಬರುತ್ತದೆ. ಠಾಣೆಯ ಪೇದೆ ಹಳ್ಳಿಯ ಮನೆ ಹುಡುಕಿ, ನಿಮ್ಮ ಮಗ ಎಲ್ಲಿದ್ದಾನಮ್ಮಾ ಎಂದು ಕೇಳುತ್ತಾರೆ. 2025ರಿಂದ ವಿದೇಶದಲ್ಲೂ ಚಿಪ್ ಇರುವ ಇ-ಪಾಸ್‌ಪೋರ್ಟ್ ಕೊಡತೊಡಗಿದ್ದಾರೆ. ಪರಿಶೀಲನೆಗೆ ಆಗಲೂ ಆ ಮನೆಯ ಬಾಗಿಲೇ ಬೇಕು.

ವಿದೇಶದಲ್ಲಿ ಪಾಸ್‌ಪೋರ್ಟ್ ಶುಲ್ಕದ ಜೊತೆ ಒಂದು ಸಣ್ಣ ಮೊತ್ತವನ್ನೂ ಕಟ್ಟಬೇಕು, ಅಮೆರಿಕದಲ್ಲಿ ಅದು ಎರಡು ಡಾಲರ್. ರಸೀದಿಯಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ಅದು ಹೋಗುವುದು 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಗೆ. ಕೆಲಸ ಕಳೆದುಕೊಂಡು ಸಿಕ್ಕಿಹಾಕಿಕೊಂಡವರ ಊಟ, ವಸತಿ, ವಿಮಾನದ ಟಿಕೆಟ್, ವಕೀಲರ ನೆರವು, ತುರ್ತು ಚಿಕಿತ್ಸೆ, ಸತ್ತವರ ದೇಹವನ್ನು ಊರಿಗೆ ಕಳುಹಿಸುವ ಖರ್ಚು, ಎಲ್ಲಕ್ಕೂ ಆಸರೆ ಆ ನಿಧಿ. ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಉದ್ಯೋಗಿಯ ಎರಡು ಡಾಲರಿಗೂ ಶಾರ್ಜಾದ ಶವಾಗಾರದಿಂದ ಊರು ಸೇರುವ ಒಂದು ಪೆಟ್ಟಿಗೆಗೂ ಸಂಬಂಧವಿದೆ. ಈ ಇಡೀ ಏರ್ಪಾಡಿನಲ್ಲಿ ಅತ್ಯಂತ ಮಾನವೀಯವಾದದ್ದು ಇದೇ. ಇದರ ಬಗ್ಗೆ ಕಡಿಮೆ ಮಾತು ನಡೆಯುವುದೂ ಇದೇ ಕಾರಣಕ್ಕಿರಬೇಕು: ಬೇಕಾದವರು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ.

ಈಗ ಕೌಂಟರಿನ ಮುಂದೆ ಹೊಸ ಅರ್ಜಿದಾರರೂ ಬರುತ್ತಾರೆ, ಅಮ್ಮನ ಹೆಗಲ ಮೇಲೆ. 2004ರ ಡಿಸೆಂಬರ್ 3ರಿಂದ ವಿದೇಶದಲ್ಲಿ ಹುಟ್ಟಿದ ಮಗು ಭಾರತದ ಪ್ರಜೆಯಾಗಬೇಕಾದರೆ, ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು. ಬೇರೆ ದೇಶದ ಪಾಸ್‌ಪೋರ್ಟ್ ಮಗುವಿಗಿಲ್ಲ ಎಂದು ಅಪ್ಪ ಅಮ್ಮ ಬರೆದುಕೊಡಬೇಕು. ಅವಧಿ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಫೋಟೊ ತೆಗೆಯುವವನಿಗೆ ಅರ್ಧ ದಿನದ ಕೆಲಸ: ಕಣ್ಣು ತೆರೆದಿರಬೇಕು, ಹಿಡಿದವರ ಕೈ ಕಾಣಬಾರದು, ಹಿನ್ನೆಲೆ ಬಿಳಿಯಾಗಿರಬೇಕು. ಸಹಿಯ ಜಾಗದಲ್ಲಿ ಪುಟ್ಟ ಹೆಬ್ಬೆಟ್ಟಿನ ಗುರುತು. ಐದು ವರ್ಷದ ಅವಧಿಯ ಆ ನೀಲಿ ಪುಸ್ತಕ ಕೈಗೆ ಬಂದಾಗ ಎರಡು ಊರುಗಳ ಜಾಗದಲ್ಲೂ ಒಂದೇ ಹೆಸರಿರುತ್ತದೆ. ಹುಟ್ಟಿದ್ದು ದುಬೈ, ಕೊಟ್ಟಿದ್ದೂ ದುಬೈ. ಕೊನೆಯ ಪುಟ ತಿರುಗಿಸಿದರೆ ಅಪ್ಪನ ಹೆಸರು, ಅಮ್ಮನ ಹೆಸರು, ಅದರ ಕೆಳಗೆ ಅಜ್ಜಿ ಒಬ್ಬರೇ ಇರುವ ಮನೆಯ ವಿಳಾಸ, ಅಂಚೆ ಮತ್ತು ತಾಲ್ಲೂಕು ಕಾರ್ಕಳ.