ಜಲಕಳೆಗಳ ಸದುಪಯೋಗ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಮಳೆಯ ಕೃಪೆಯನ್ನೇ ನಂಬಿದ ಬಯಲುಸೀಮೆಗೆ ಸೇರಿದವು. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿಗಳು ಇಲ್ಲಿ ಹರಿಯುತ್ತವೆಯಾದರೂ ವರ್ಷದ ಹೆಚ್ಚು ಕಾಲ ಅವುಗಳ ಪಾತ್ರದಲ್ಲಿ ಮರಳೇ ಕಾಣುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಹಳ್ಳಗಳಿಗೆ ಅಡ್ಡಲಾಗಿ ಏರಿಗಳನ್ನು ಕಟ್ಟಿ, ಹರಿದುಹೋಗುವ ನೀರನ್ನು ಕೆರೆಗಳಲ್ಲಿ ನಿಲ್ಲಿಸಿದರು. ಇಂತಹ ನಾಡಿನ ಕೆರೆಯನ್ನು ಕಳೆ ಆವರಿಸುವುದೆಂದರೆ ಕಣಜದ ಧಾನ್ಯಕ್ಕೆ ಹುಳು ಬಿದ್ದಂತೆ.

ಕೆರೆಯ ಕಳೆಗಳಲ್ಲಿ ಮುಖ್ಯವಾದವು ಎರಡು ಬಗೆ. ಅಂಚಿನ ಹೂಳಿನಲ್ಲಿ ಬೇರೂರಿ ಆಳೆತ್ತರ ಬೆಳೆಯುವ ಜೊಂಡು, ಆಪುಗಳದು ಒಂದು ಬಗೆ. ನೀರಿನ ಮೇಲೆ ತೇಲುವ ಅಂತರಗಂಗೆಯದು ಇನ್ನೊಂದು. ಮೊದಲಿನವು ಈ ನೆಲದ ಹಳೆಯ ಸಸ್ಯಗಳು. ನೇರಿಳೆ ಹೂವಿನ ಅಂತರಗಂಗೆಯಾದರೋ ದಕ್ಷಿಣ ಅಮೆರಿಕದ್ದು. ಅದು 19ನೆಯ ಶತಮಾನದ ಕೊನೆಯಲ್ಲಿ, ಅಲಂಕಾರದ ಗಿಡವಾಗಿ ಬಂಗಾಳವನ್ನು ಪ್ರವೇಶಿಸಿತು. ಅನುಕೂಲ ದೊರೆತರೆ ಎರಡೇ ವಾರಗಳಲ್ಲಿ ಅದು ಇಮ್ಮಡಿಯಾಗಬಲ್ಲದು. ಹೀಗೆ ಬೆಳೆದರೆ ಒಂದು ಗುಂಟೆಯ ಕಳೆ ಹನ್ನೆರಡು ವಾರಗಳಲ್ಲಿ 64 ಗುಂಟೆ, ಎಂದರೆ ಒಂದೂವರೆ ಎಕರೆಗೂ ಮಿಗಿಲಾದ ನೀರನ್ನು ಮುಚ್ಚುತ್ತದೆ. ಆಗ ಬೆಳಕು ಕೆಳಗಿಳಿಯದು. ನೀರಿನಲ್ಲಿ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ತೂಬು, ಕಾಲುವೆಗಳು ಕಟ್ಟಿಕೊಳ್ಳುತ್ತವೆ.

ಈ ಕಳೆ ಇಷ್ಟು ಸೊಕ್ಕುವುದೇಕೆ? ಊರಿನ ಕೊಳಚೆಯಲ್ಲಿಯೂ ಹೊಲದಿಂದ ಕೊಚ್ಚಿಬರುವ ಗೊಬ್ಬರದಲ್ಲಿಯೂ ಇರುವ ಸಾರವೇ ಅದರ ಆಹಾರ. ಹೊಲ ಕಳೆದುಕೊಂಡ ಫಲವತ್ತತೆಯೇ ಕೆರೆಯಲ್ಲಿ ಕಳೆಯಾಗಿ ನಿಂತಿದೆ. ಅದನ್ನು ಮರಳಿ ನೆಲಕ್ಕೆ ಸೇರಿಸುವುದೇ ಜಾಣತನ. ಕಳೆಯನ್ನು ದಡಕ್ಕೆಳೆದು, ಬಾಡಿಸಿ, ಕತ್ತರಿಸಿ, ಸೆಗಣಿ ಮತ್ತು ಮಣ್ಣಿನೊಡನೆ ಪದರಪದರವಾಗಿ ಗುಂಡಿಗೆ ತುಂಬಿ, ಆಗಾಗ ಮಗುಚಿದರೆ ಕೆಲವು ತಿಂಗಳುಗಳಲ್ಲಿ ಒಳ್ಳೆಯ ಗೊಬ್ಬರ ಸಿದ್ಧವಾಗುತ್ತದೆ. ಹಸಿ ಅಂತರಗಂಗೆಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ ಇರುವುದರಿಂದ ಅದನ್ನು ದೂರಕ್ಕೆ ಸಾಗಿಸುವುದು ನಷ್ಟದ ಕೆಲಸ. ಕೆರೆಯ ದಂಡೆಯೇ ಅದಕ್ಕೆ ತಕ್ಕ ಕಾರ್ಯಶಾಲೆ.

ಗೊಬ್ಬರವೊಂದೇ ಅಲ್ಲ. ಜೊಂಡಿನಿಂದ ಚಾಪೆ ಹೆಣೆಯುವುದು, ಆಪಿನಿಂದ ಸೂರು ಹೊದಿಸುವುದು ಹಳೆಯ ಕಸುಬುಗಳು. ಅಸ್ಸಾಮಿನಲ್ಲಿ ಅಂತರಗಂಗೆಯ ಒಣಗಿದ ಕಾಂಡಗಳಿಂದ ಬುಟ್ಟಿ, ಚೀಲಗಳನ್ನು ಹೆಣೆದು ಮಾರುತ್ತಾರೆ. ಅದರ ನಾರಿನಿಂದ ಕಾಗದವನ್ನೂ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಆರಂಭವಾಯಿತು. ತುಮಕೂರು ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದು ತನ್ನ ವಿಸ್ತರಣಾ ಕೇಂದ್ರವನ್ನು ತೆರೆಯಿತು. ಆ ಸಂಸ್ಥೆಯ ವಿಜ್ಞಾನಿಗಳು ಎಲೆಕಸ, ಅಂತರಗಂಗೆಗಳಿಂದಲೂ ಅಡುಗೆಯ ಅನಿಲವನ್ನು ಪಡೆಯುವ ಮಾರ್ಗಗಳನ್ನು ಶೋಧಿಸಿದರು.

ಆದರೆ ವಿವೇಕ ಬೇಕು. ಕಾರ್ಖಾನೆಯ ಕೊಳಚೆ ಸೇರುವ ಕೆರೆಯ ಅಂತರಗಂಗೆ ವಿಷಲೋಹಗಳನ್ನು ಹೀರಿಕೊಂಡಿರುತ್ತದೆ. ಅದರ ಗೊಬ್ಬರ ಅನ್ನದ ಬೆಳೆಗೆ ಸಲ್ಲದು. ಹಸಿ ಗಿಡವನ್ನು ಇನ್ನೊಂದು ಕೆರೆಯ ಬಳಿಗೆ ಒಯ್ಯಬಾರದು. ಲಾಭದ ಆಸೆಯಿಂದ ಅದನ್ನು ಬೆಳೆಸುವುದಂತೂ ಕೂಡದು. ಜೊಂಡನ್ನು ಸಹ ಬುಡಸಹಿತ ಪೂರ್ತಿ ಕೀಳದೆ ಅಲ್ಲಲ್ಲಿ ಉಳಿಸಬೇಕು; ಅದು ನೀರುಹಕ್ಕಿಗಳ ಆಸರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ತರುವುದು ತೆರೆದ ನೀರಿನಿಂದಲೇ. ಕೆರೆ ಮುಚ್ಚಿದರೆ ಅವುಗಳ ಅನ್ನವೂ ಮುಚ್ಚಿದಂತೆ.

ಕಳೆಯನ್ನು ಬಳಸುವುದು ಕೆರೆಯನ್ನು ಉಳಿಸುವುದಕ್ಕಾಗಿ. ಕೊಳಚೆಯ ಬಾಯನ್ನು ಮುಚ್ಚದೆ ಕಳೆಯನ್ನಷ್ಟೇ ಕೀಳುತ್ತ ಹೋದರೆ ಆ ಕೆಲಸಕ್ಕೆ ಕೊನೆಯಿಲ್ಲ. ಕಿತ್ತ ಕಳೆ ಹೊಲಕ್ಕೆ ಗೊಬ್ಬರವಾಗಿ, ಬಡವರ ಕೈಗೆ ಕಸುಬಾಗಿ, ಕೆರೆಯಲ್ಲಿ ತಿಳಿನೀರು ನಿಂತಾಗಲೇ ನಮ್ಮ ಶ್ರಮ ಸಾರ್ಥಕ.